ಜೀರಿಗೆಯ ಮೇಲಿನ ಆರೋಪ

“ಪ್ರಯಾಣಿಕರ ಗಮನಕ್ಕೆ. ಊಟದ ಮೇಜಿನ ಕೆಳಗೆ, ಎಡಗಡೆ ಹಿಂಗಾಲಿನ ಪಕ್ಕದಲ್ಲಿ, ಅಂಗೈಯಗಲದ ಕೆರೆಯೊಂದು ಈಗಷ್ಟೇ ಉದ್ಘಾಟನೆಗೊಂಡಿದೆ. ಆ ಮಾರ್ಗವಾಗಿ ಅಡುಗೆಮನೆಗೆ ತೆರಳುವವರು ಬದಲಿ ದಾರಿ ಹಿಡಿಯಬೇಕಾಗಿ ವಿನಂತಿ. ಅಡಚಣೆಗಾಗಿ ವಿಷಾದಿಸುತ್ತೇವೆ.”

ಹೀಗೆ ಘೋಷಿಸಿದವನು ಮನೆಯ ಮಗ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ಬಂದು ನಿಲ್ಲುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಕೆಲಸ ಮುಗಿದ ಮೇಲೆ ಮೈಕನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ದನಿಯನ್ನು ಮಾತ್ರ ಮನೆಗೆ ತರುತ್ತಿದ್ದ.

“ರೀ, ನಿಮಗೇನು ತಮಾಷೆ. ಒರೆಸೋಳು ನಾನು,” ಎಂದು ಸೊಸೆ ಚಹಾದ ಲೋಟ ಕುಕ್ಕಿದಳು.

ಸೊಸೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವಳು. ಕೋಟಿನ ಮೇಲಿನ ಶಾಯಿ, ಕಾಲರಿನ ಎಣ್ಣೆ, ಮೇಜುಬಟ್ಟೆಯ ಹಣ್ಣಿನ ರಸ, ಎಲ್ಲ ಅವಳ ಮೇಜಿಗೇ ಬರಬೇಕು. ಬಟ್ಟೆ ಮೂಸಿ, ಏನು ಚೆಲ್ಲಿದ್ದು, ಚೆಲ್ಲಿ ಎಷ್ಟು ಹೊತ್ತಾಯಿತು ಎಂದು ಹೇಳುವ ಮೂಗು ಅವಳದು. ಗಂಡ ಅವಳನ್ನು ‘ನಮ್ಮನೆ ಕಲಾವಿದೆ’ ಎನ್ನುತ್ತಿದ್ದ. ಕಲೆ ಎನ್ನುವುದು ಇರುವುದೇ ತೆಗೆಯುವುದಕ್ಕೆ ಎಂದು ಅವಳ ಅಭಿಪ್ರಾಯ.

ಕೆರೆ ಕಟ್ಟಿದ ಶಿಲ್ಪಿ ಮೇಜಿನ ಕೆಳಗೇ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಪುಟ್ಟಿ ಗೆಳತಿಯ ಮನೆಯಿಂದ ಶಾಲಾಚೀಲದಲ್ಲಿ ಹೊತ್ತು ತಂದ ಮರಿ ಅದು. ಕಂದು ಬಣ್ಣ, ಉದ್ದ ಮೈ, ಕಾಲು ಮಾತ್ರ ದೇವರು ಕೊಡಲು ಮರೆತು ಆಮೇಲೆ ಆತುರದಲ್ಲಿ ಅಂಟಿಸಿದ ಹಾಗೆ. ದೊಡ್ಡದಾದರೂ ಇದು ಇಷ್ಟೇ ಇರುವ ಜಾತಿ. ಸಣ್ಣಗಿದೆ ಎಂದು ಪುಟ್ಟಿ ‘ಜೀರಿಗೆ’ ಎಂದು ಹೆಸರಿಟ್ಟಿದ್ದಳು. ಬಾಲ್ಕನಿಯ ಹೊಸ್ತಿಲು ದಾಟಬೇಕಾದರೂ ಜೀರಿಗೆ ಹೊಟ್ಟೆ ಉಜ್ಜಿಕೊಂಡೇ ದಾಟಬೇಕು. ಮೆಟ್ಟಿಲಂತೂ ಎತ್ತಿಕೊಂಡೇ ಇಳಿಸಬೇಕು.

“ಅಮ್ಮಾ, ಅದಿನ್ನೂ ಮಗು,” ಎಂದಳು ಪುಟ್ಟಿ.

“ಮಗೂಗಾದ್ರೆ ಡಯಾಪರ್ ಹಾಕ್ತೀವಿ. ಇದಕ್ಕೇನು ಹಾಕೋಣ?”

“ಮೇಲ್ಮನೆ ಮೇಷ್ಟ್ರ ಹತ್ರ ಒಂದು ಇಸ್ಕೊಂಡು ಬಾ,” ಎಂದ ಮಗ. “ಅವರಿಗೀಗ ಅದನ್ನೇ ಕಟ್ತಾರಂತೆ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾತ. “ಪೈಪು ಹಳೇದಾದ್ರೆ ಅಷ್ಟೇ ಕಣೋ. ಮೇಷ್ಟ್ರು ಪಾಠ ಮಾಡೋದು ಬಿಟ್ಟು ಈಗ ಪಾಟ್ ಹಿಡ್ಕೊಂಡ್ರು!”

ತಾತ ಬೀದಿಗೆಲ್ಲ ‘ನಲ್ಲಿ ತಾತ’. ಜೀವಮಾನವಿಡೀ ಪ್ಲಂಬರ್ ಕೆಲಸ ಮಾಡಿದವರು, ಈಗಲೂ ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಅವರಿಗೇ ಕರೆ. ಚೀಲದಲ್ಲಿ ಸ್ಪ್ಯಾನರ್, ಜೇಬಿನಲ್ಲಿ ವಾಷರ್, ಬಾಯಲ್ಲಿ ಒಂದು ಮಾತು: “ಒದ್ದೆ ಕಂಡ ಕಡೆ ಸೋರಿಕೆ ಇರಲ್ಲ. ಮೇಲೆ ನೋಡ್ಬೇಕು. ನೀರು ಸುಳ್ಳು ಹೇಳಲ್ಲ, ಕೆಳಗಿಂದ ಮೇಲಕ್ಕೆ ಹತ್ತೋದೂ ಇಲ್ಲ.” ಪುಟ್ಟಿಗೆ ಮಗ್ಗಿಗಿಂತ ಮುಂಚೆ ಬಾಯಿಪಾಠವಾದದ್ದು ಈ ಮಾತು.

ಸೊಸೆ ನೆಲ ಒರೆಸಿ, ವಿನೆಗರ್ ನೀರು ಚಿಮುಕಿಸಿ, ಎದ್ದು ನಿಂತು ತೀರ್ಪು ಕೊಟ್ಟಳು.

“ಕೇಳಿಸ್ಕೋ ಪುಟ್ಟಿ. ರಜ ಮುಗಿದು ಶಾಲೆ ಶುರುವಾಗೋ ಹೊತ್ತಿಗೆ ಇದು ಎಲ್ಲಿ ಮಾಡ್ಬೇಕೋ ಅಲ್ಲೇ ಮಾಡ್ಬೇಕು. ಆಮೇಲೂ ಈ ಮನೆ ಒದ್ದೆ ಮಾಡೋರು ಯಾರೇ ಇರ್ಲಿ, ಸೀದಾ ನಮ್ಮಂಗಡಿ ಇಸ್ತ್ರಿ ಅಕ್ಕನ ಮನೆಗೆ. ಅವಳ ಮನೆ ಹಿಂದೆ ಅಂಗಳ ಇದೆ. ಒದ್ದೆ ಮಾಡ್ಕೊಂಡು ಸುಖವಾಗಿರಬಹುದು.”

“ಅಲ್ಲೀವರೆಗೂ ಯಾಕೆ ಕಾಯ್ಬೇಕು? ಇವತ್ತೇ ಬರಕ್ಕೆ ಹೇಳು ಅವಳಿಗೆ,” ಎಂದರು ತಾತ. “ಈ ವಯಸ್ಸಲ್ಲಿ ನಾಯಿ ಉಚ್ಚೆ ತುಳಿದು ಜಾರಿ ಬೀಳ್ಬೇಕಾ ನಾನು?”

ಪುಟ್ಟಿ ತಾತನನ್ನು ದುರುಗುಟ್ಟಿ ನೋಡಿ, ಜೀರಿಗೆಯನ್ನು ಎತ್ತಿಕೊಂಡು ಬಾಲ್ಕನಿಗೆ ಹೋದಳು. ಅಲ್ಲಿ ಹಸಿರು ಬಣ್ಣದ ಚಾಪೆಯ ತುಂಡೊಂದನ್ನು ಹಾಸಿದ್ದಳು. ಮರಿ ಎದ್ದ ಕೂಡಲೆ ಅಲ್ಲಿಗೆ, ತಿಂದ ಕೂಡಲೆ ಅಲ್ಲಿಗೆ, ಆಡಿದ ಕೂಡಲೆ ಅಲ್ಲಿಗೆ. ಚಾಪೆಯ ಮೇಲೆ ಕೆಲಸವಾದರೆ ಒಂದು ಚೂರು ಬಿಸ್ಕತ್ತು ಮತ್ತು ‘ಶಭಾಷ್’. ಹೀಗೆ ಮರಿಗೆ ಉಚ್ಚೆ ಒಂದು ಸಂಪಾದನೆಯ ದಾರಿಯಾಯಿತು.

ಅದು ನಡೆದದ್ದು ಒಂದು ಮಧ್ಯಾಹ್ನ. ಮಗ ನಿಲ್ದಾಣದಲ್ಲಿ, ಸೊಸೆ ಅಂಗಡಿಯಲ್ಲಿ, ಪುಟ್ಟಿ ಕೆಳಗೆ ಹಾಲು ತರಲು ಹೋಗಿದ್ದಳು. ತಾತ ಹಾಲ್‌ನ ತಮ್ಮ ಕುರ್ಚಿಯಲ್ಲಿ ಒಂದು ಸಣ್ಣ ನಿದ್ದೆ ಮುಗಿಸಿ ಎದ್ದರು. ಎದ್ದದ್ದೇ ತಡ, ಅವಸರ. ಕುರ್ಚಿಯಿಂದ ಬಚ್ಚಲಿಗೆ ಒಂದು ಪ್ಯಾಸೇಜು ದಾಟಬೇಕು. ಎಷ್ಟೋ ಮನೆಗಳ ಪ್ರವಾಹ ತಡೆದವರು ಆ ಪ್ಯಾಸೇಜಿನ ನಡುವೆ, ಸ್ವಿಚ್ ಬೋರ್ಡಿನ ಕೆಳಗೆ, ಸೋತರು.

ಗೋಡೆ ಹಿಡಿದು ನಿಂತೇ ಇದ್ದರು. ಬಾಗಿಲು ತೆರೆದ ಸದ್ದು. ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡರು. ಹೊರಗೆ ಪುಟ್ಟಿಯ ಕೂಗು:

“ಅಯ್ಯೋ ಜೀರಿಗೆ! ಏನೇ ಇದು! ಬೆಳಿಗ್ಗೆ ಅಷ್ಟು ಚೆನ್ನಾಗಿ ಮಾಡಿದ್ಯಲ್ಲೇ ಹೊರಗಡೆ!”

ತಾತ ಒಳಗೆ ನಲ್ಲಿ ತಿರುಗಿಸಿದರು. ನೀರು ಜೋರಾಗಿ ಬಿತ್ತು. ಹೊರಗೆ ಬಂದು “ನಂದು ಕಣೇ ಅದು” ಎನ್ನಬೇಕು, ಅಷ್ಟೇ. ಮೂರು ಪದ. ಆದರೆ ಮೇಲ್ಮನೆ ಮೇಷ್ಟರ ನೆನಪಾಯಿತು. ಅವತ್ತು ತಾವೇ ನಕ್ಕ ನಗು ಕಿವಿಯಲ್ಲಿ ಕೇಳಿಸಿತು. ನಾಳೆ ನಲ್ಲಿ ರಿಪೇರಿಗೆ ಹೋದ ಮನೆಯಲ್ಲಿ ಯಾರಾದರೂ ಬೆನ್ನ ಹಿಂದೆ, ‘ತಾತ, ಮೊದಲು ನಿಮ್ದು ನೋಡ್ಕೊಳ್ಳಿ’ ಅಂದರೆ?

ಪೈಜಾಮ ಬದಲಿಸಿ ಹೊರಬಂದರು. ಪುಟ್ಟಿ ಮರಿಗೆ ಬೆರಳು ತೋರಿಸಿ ಬೈಯುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಜೀರಿಗೆ ಕಿವಿ ಹಿಂದಕ್ಕೆ ಮಾಡಿ ತಾತನನ್ನೇ ನೋಡುತ್ತಿತ್ತು.

“ಬಿಡೇ, ಪಾಪ,” ಎಂದರು ತಾತ. “ಕೂಸು ಅದು. ಸರಿ, ನಾನು ಒರೆಸ್ತೀನಿ.”

ಒರೆಸಿದರು. ಒರೆಸಿದ ಮೇಲೆ ಅರ್ಧ ಬಾಟಲಿ ಫಿನಾಯಿಲ್ ಸುರಿದರು.

ಸಂಜೆ ಸೊಸೆ ಬಾಗಿಲಲ್ಲೇ ಮೂಗು ಹಿಡಿದಳು. “ಇದೇನು ಮಾವ, ಆಸ್ಪತ್ರೆ ಆಗೋಗಿದೆ ಮನೆ? ವಿನೆಗರ್ ಹಾಕಿ ಅಂದಿದ್ನಲ್ಲ. ಈ ವಾಸನೇಲಿ ನನ್ನ ಮೂಗೇ ಸತ್ತೋಗುತ್ತೆ.”

“ಇರ್ಲಿ ಬಿಡಮ್ಮ, ಕ್ರಿಮಿ ಸಾಯುತ್ತೆ,” ಎಂದರು ತಾತ. ಮೂಗು ಸಾಯಬೇಕೆಂದೇ ಸುರಿದದ್ದು ಎನ್ನಲಿಲ್ಲ.

ಅಂದಿನಿಂದ ತಾತ ಮರಿಯ ವಕೀಲರಾದರು. ಊಟಕ್ಕೆ ಕೂತಾಗ ಸೊಸೆ ನಾಯಿಯ ಸುದ್ದಿ ತೆಗೆದರೆ, “ಎಲ್ಲಾ ಕಲಿಯುತ್ತೆ, ನಿಧಾನ” ಎನ್ನುತ್ತಿದ್ದರು. ಮೊದಲ ದಿನವೇ ಹೊರಗೆ ಹಾಕಿ ಎಂದವರು ಹೀಗೆ ತಿರುಗಿದ್ದು ನೋಡಿ ಮಗ, “ಅಪ್ಪ ಪಕ್ಷಾಂತರ ಮಾಡಿದಾರೆ” ಎಂದು ಘೋಷಿಸಿದ.

ಆದರೆ ದಿನ ಕಳೆದಂತೆ ಒಂದು ವಿಚಿತ್ರ ಶುರುವಾಯಿತು. ಜೀರಿಗೆ ಬುದ್ಧಿವಂತ ಪ್ರಾಣಿ. ಮೇಜಿನ ಕೆಳಗೆ ಮಾಡುವುದನ್ನು ಬಿಟ್ಟಿತು, ಸೋಫಾದ ಹಿಂದೆ ಬಿಟ್ಟಿತು, ಪುಟ್ಟಿಯ ಮಂಚದ ಹತ್ತಿರ ಬಿಟ್ಟಿತು. ಬಿಸ್ಕತ್ತಿನ ಆಸೆಗೆ ಚಾಪೆಯ ಮೇಲೆ ಹೋಗಿ, ಬರದಿದ್ದರೂ ಕೂತು ಪ್ರಯತ್ನಿಸುತ್ತಿತ್ತು. ಮನೆಯಲ್ಲಿ ಎಲ್ಲ ಕಡೆ ನೆಲ ಒಣಗಿತು, ಪ್ಯಾಸೇಜು ಒಂದು ಬಿಟ್ಟು.

“ನಂಗಂತೂ ಅರ್ಥ ಆಗ್ತಿಲ್ಲ,” ಎಂದಳು ಸೊಸೆ, ಅನ್ನ ಬಡಿಸುತ್ತ. “ಎಲ್ಲಾ ಕಡೆ ಕಲಿತಿದೆ, ಅಲ್ಲೊಂದು ಕಡೆ ಯಾಕೆ ಹಟ?”

“ಅದೂ ನಾವು ಯಾರೂ ಇಲ್ದಾಗ್ಲೇ,” ಎಂದ ಮಗ. “ಕಳ್ಳ ನಾಯಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ತಾತ ಪೈಜಾಮ ಮುಟ್ಟಿ ನೋಡಿಕೊಂಡರು.

“ಕಳ್ಳ ಅಲ್ಲಪ್ಪ ಅದು!” ಎಂದಳು ಪುಟ್ಟಿ. ತಟ್ಟೆ ದೂಡಿದಳು. “ಏನೋ ಕಾಯಿಲೆ ಇರ್ಬೇಕು. ಡಾಕ್ಟರಿಗೆ ತೋರ್ಸೋಣ. ನೀವ್ಯಾರೂ ಬರ್ದಿದ್ರೆ ತಾತ ಬರ್ತಾರೆ. ಬರ್ತೀಯಲ್ಲ ತಾತ?”

ಬರುವುದಿಲ್ಲ ಎನ್ನಲು ತಾತನಿಗೆ ಬಾಯಿ ಬರಲಿಲ್ಲ.

ಪಶುವೈದ್ಯರು ಜೀರಿಗೆಯ ಹೊಟ್ಟೆ ಒತ್ತಿ ನೋಡಿದರು, ಪುಟ್ಟಿ ಡಬ್ಬಿಯಲ್ಲಿ ತಂದಿದ್ದ ಮೂತ್ರ ಪರೀಕ್ಷಿಸಿದರು. “ಗುಂಡುಕಲ್ಲಿನಂಗಿದೆ ನಿಮ್ಮ ನಾಯಿ. ಯಾವ ತೊಂದರೇನೂ ಇಲ್ಲ.” ಪುಟ್ಟಿಯ ಮುಖ ಸಣ್ಣದಾಯಿತು. ಕಾಯಿಲೆ ಇದ್ದಿದ್ದರೆ ಕ್ಷಮೆ ಇತ್ತು, ಆರೋಗ್ಯವಾಗಿದ್ದರೆ ಅಪರಾಧಿ. ಮರಿಯನ್ನು ಎತ್ತಿಕೊಂಡು ಹೊರಗೆ ನಡೆದಳು.

ತಾತ ಹಿಂದೆ ಉಳಿದರು. ಬಾಗಿಲು ಅರ್ಧ ಮುಚ್ಚಿದರು.

“ಡಾಕ್ಟ್ರೇ, ಒಂದು ಮಾತು. ಹೀಗೆ ಅವಸರ ಆಗಿ, ತಡ್ಕೊಳಕ್ಕೇ ಆಗ್ದಿದ್ರೆ, ಅದಕ್ಕೇನಾದ್ರೂ ಔಷಧಿ ಇದೆಯಾ?”

“ಇದೆ. ಆದ್ರೆ ನಿಮ್ಮ ನಾಯಿಗೆ ಬೇಕಾಗಿಲ್ಲ.”

“ನಾಯಿಗಲ್ಲ. ಸ್ವಲ್ಪ ದೊಡ್ಡ ಪ್ರಾಣಿಗೆ.”

“ಎಷ್ಟು ದೊಡ್ಡದು?”

“ಒಂದು ಎಪ್ಪತ್ತು ಕೇಜಿ ಇರಬಹುದು.”

“ಕರುವಾ?”

“ಕರು ಅಲ್ಲ. ವಯಸ್ಸಾಗಿದೆ.”

ವೈದ್ಯರು ಕನ್ನಡಕದ ಮೇಲಿಂದ ನೋಡಿದರು. “ಇಲ್ಲಿಗೇ ಕರ್ಕೊಂಡು ಬನ್ನಿ, ನೋಡೋಣ.”

“ಅದು ಬರಲ್ಲ ಅನ್ನುತ್ತೆ ಡಾಕ್ಟ್ರೇ. ನಾಚಿಕೆ ಸ್ವಭಾವ.” ತಾತ ಚಪ್ಪಲಿ ಮೆಟ್ಟಿಕೊಂಡರು.

ಆ ರಾತ್ರಿ ಊಟದ ಹೊತ್ತಿಗೆ ಸೊಸೆಯ ದನಿ ಗಟ್ಟಿಯಾಗಿತ್ತು. “ಕಾಯಿಲೆ ಇಲ್ಲ ಅಂದ್ರೆ ಕೊಬ್ಬು. ಇಸ್ತ್ರಿ ಅಕ್ಕನಿಗೆ ಹೇಳಿಟ್ಟಿದೀನಿ. ಶಾಲೆ ಶುರುವಾಗೋ ಹಿಂದಿನ ಭಾನುವಾರ ಬರ್ತಾಳೆ. ಅಷ್ಟರೊಳಗೆ ನಿಲ್ತೋ, ಬರೀ ಚಹಾ ಕುಡ್ಕೊಂಡು ಹೋಗ್ತಾಳೆ. ನಿಲ್ಲಿಲ್ವೋ, ಮರಿ ತಗೊಂಡು ಹೋಗ್ತಾಳೆ.”

“ನಿಂಗೆ ಅದನ್ನ ಕಂಡ್ರೆ ಮೊದ್ಲಿಂದಾನೂ ಆಗಲ್ಲ!” ಎಂದಳು ಪುಟ್ಟಿ.

“ದಿನವಿಡೀ ಊರವರ ಕಲೆ ತಿಕ್ತೀನಿ ಕಣೇ. ಮನೆಗೆ ಬಂದ್ರೂ ಅದೇನಾ ನನ್ನ ಹಣೇಲಿ ಬರೆದಿರೋದು?”

ತಾತ ತುತ್ತು ಕೈಯಲ್ಲೇ ಹಿಡಿದು ಲೆಕ್ಕ ಹಾಕಿದರು. ಮರಿ ಪೂರ್ತಿ ಕಲಿತರೆ, ಪ್ಯಾಸೇಜಿನ ಒದ್ದೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ಮರಿ ಮನೆ ಬಿಟ್ಟರೂ ಅದೇ ಪ್ರಶ್ನೆ. ಅಂದರೆ ಜೀರಿಗೆ ಕಲಿಯಲೂಬಾರದು, ಹೋಗಲೂಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದವನಿಗೆ ಕಡೇಪಕ್ಷ ಕೈಯಲ್ಲೊಂದು ಕೋಲಿತ್ತು.

ಮಾರನೆಯ ಬೆಳಿಗ್ಗೆ ಅವರ ಮಹಾಯೋಜನೆ ಸಿದ್ಧವಾಗಿತ್ತು.

“ಇನ್ಮೇಲೆ ಮರಿ ಜವಾಬ್ದಾರಿ ನಂದು,” ಎಂದರು. “ಹಗಲೆಲ್ಲ ನನ್ನ ಕುರ್ಚಿ ಪಕ್ಕದಲ್ಲೇ ಇರ್ಲಿ. ಹೊತ್ತು ಹೊತ್ತಿಗೆ ನಾನೇ ಕರ್ಕೊಂಡು ಹೋಗ್ತೀನಿ. ಸೋರೋದು ನಿಲ್ಸೋದು ನನ್ನ ಕಸುಬು ಕಣಮ್ಮ.”

ಪುಟ್ಟಿ ಓಡಿಬಂದು ಅವರ ಕತ್ತಿಗೆ ಜೋತುಬಿದ್ದಳು. ತಾತನಿಗೆ ಆ ಅಪ್ಪುಗೆ ಚುಚ್ಚಿತು. ಯೋಜನೆಯ ಒಳಗುಟ್ಟು ಬೇರೆಯೇ ಇತ್ತು. ಆರೋಪಿ ಸದಾ ಘಟನಾ ಸ್ಥಳದಲ್ಲೇ ಇದ್ದರೆ, ಕೈತಪ್ಪಿ ಏನಾದರೂ ಆದಾಗ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ನಡೆದದ್ದೇ ಬೇರೆ. ಮರಿಯನ್ನು ಬಾಲ್ಕನಿಗೆ ಒಯ್ಯುವ ನೆಪದಲ್ಲಿ ತಾತ ಹೊತ್ತು ಹೊತ್ತಿಗೆ ಏಳತೊಡಗಿದರು. ಎದ್ದಮೇಲೆ ತಾವೂ ಬಚ್ಚಲಿಗೆ ಹೋಗಿ ಬರುತ್ತಿದ್ದರು. ಅವಸರ ಬರುವ ಮುಂಚೆಯೇ ಕೆಲಸ ಮುಗಿಯುತ್ತಿತ್ತು. ಪ್ಯಾಸೇಜು ಒಣಗಿತು. ಒಣಗಿಯೇ ಉಳಿಯಿತು. ಮರಿಗೆ ಬಿಸ್ಕತ್ತು ಕೊಡುವಾಗ ತಾತ ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸುಮ್ಮನೆ ಅಲ್ಲ, ಗಳಿಸಿಯೇ.

“ಮಾವ, ನಿಜಕ್ಕೂ ನಿಮ್ಮ ಕೈಗುಣ,” ಎಂದಳು ಸೊಸೆ. ತಾತ ಅವಳ ಮುಖ ನೋಡದೆ ಬಿಸ್ಕತ್ತಿನ ಪೊಟ್ಟಣ ಕಟ್ಟಿಟ್ಟರು. ಮಧ್ಯಾಹ್ನದ ನಿದ್ದೆಯಲ್ಲಿ ಜೀರಿಗೆ ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿತ್ತು. ಸುಳ್ಳುಗಾರನ ಪಾದ ಎಂದು ಅದಕ್ಕೆ ಗೊತ್ತಿದ್ದರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಭಾನುವಾರ ಬಂತು. ಸೊಸೆ ಬೆಳಿಗ್ಗೆಯಿಂದಲೇ ಹಗುರವಾಗಿದ್ದಳು. ಇಸ್ತ್ರಿ ಅಕ್ಕನಿಗೆ ಬರಿ ಚಹಾ ಎಂದು ನಿಶ್ಚಯವಾದಂತೆಯೇ ಇತ್ತು. ಪುಟ್ಟಿ ಮರಿಯ ಕತ್ತಿಗೆ ಕೆಂಪು ರಿಬ್ಬನ್ ಕಟ್ಟಿದ್ದಳು. ಊಟವಾದದ್ದೇ ಮೇಲ್ಮನೆಯಿಂದ ಕರೆ ಬಂತು: ಮೇಷ್ಟರ ಅಡುಗೆಮನೆಯ ನಲ್ಲಿ ನಿಲ್ಲುತ್ತಿಲ್ಲ. ತಾತ ಹೋದರು. ವಾಷರ್ ಬದಲಿಸಿದರು. ಮೇಷ್ಟರ ಹೆಂಡತಿ ದೊಡ್ಡ ಲೋಟದಲ್ಲಿ ಚಹಾ ಕೊಟ್ಟರು. ಮೇಷ್ಟರು ಕಿಟಕಿಯ ಪಕ್ಕ ಕೂತು, “ಇನ್ನೊಂದು ಲೋಟ ಕುಡೀರಿ, ನನಗೇನೂ ಭಯ ಇಲ್ಲಪ್ಪ ಈಗ, ಎಷ್ಟು ಬೇಕಾದ್ರೂ ಕುಡೀತೀನಿ,” ಎಂದು ನಕ್ಕರು. ತಾತ ಇನ್ನೊಂದು ಲೋಟವನ್ನೂ ಕುಡಿದರು.

ಕೆಳಗೆ ಬಂದವರು ಒಂದು ಗಳಿಗೆ ಎಂದು ಕುರ್ಚಿಗೆ ಒರಗಿದರು. ಕಣ್ಣು ಹತ್ತಿತು.

ಕಣ್ಣು ಬಿಟ್ಟಾಗ ಬಾಗಿಲ ಗಂಟೆ ಹೊಡೆದುಕೊಳ್ಳುತ್ತಿತ್ತು, ಕುರ್ಚಿಯ ದಿಂಬು ಬೆಚ್ಚಗೆ ಒದ್ದೆಯಾಗಿತ್ತು. ಫಿನಾಯಿಲ್‌ಗೆ ಹೊತ್ತಿಲ್ಲ. ತಾತ ರೂಮಿಗೆ ನುಗ್ಗಿ ಪೈಜಾಮ ಬದಲಿಸಿ, ಲಾಡಿ ಕಟ್ಟುತ್ತಲೇ ಹೊರಗೆ ಬಂದರು. ಇಸ್ತ್ರಿ ಅಕ್ಕ ಹಾಲ್‌ಗೆ ಬಂದಾಗಿತ್ತು. ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ದಿನವಿಡೀ ನಿಂತು ಇಸ್ತ್ರಿ ಮಾಡುವವಳಾದ್ದರಿಂದ ಎಲ್ಲೇ ಹೋದರೂ ಮೊದಲು ಕುರ್ಚಿ ಹುಡುಕುತ್ತಿದ್ದಳು. ತಾತನದನ್ನೇ ಹುಡುಕಿದ್ದಳು. ಸೆರಗು ಸರಿಮಾಡಿ ಇನ್ನೇನು ಕೂರಬೇಕು.

“ಕೂರ್ಬೇಡಮ್ಮಾ!”

ಎಲ್ಲರೂ ತಿರುಗಿದರು.

“ಯಾಕೆ ತಾತ? ಕುರ್ಚಿ ಕಾಲು ಮುರಿದಿದೆಯಾ?” ಎಂದಳು ಇಸ್ತ್ರಿ ಅಕ್ಕ.

“ಅಲ್ಲ. ಒದ್ದೆ ಆಗಿದೆ.” ತಾತನ ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿಯಿತು. “ಜೀರಿಗೆ. ನಾನು ರೂಮಿಗೆ ಹೋಗಿದ್ದೆ, ಅಷ್ಟರಲ್ಲಿ ಕುರ್ಚಿ ಮೇಲೆ ಮಾಡ್ಬಿಟ್ಟಿದೆ.”

ಸೊಸೆ ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ದಿಂಬು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. “ಇವತ್ತೇನಾ? ಇವತ್ತೇ ಮಾಡ್ಬೇಕಿತ್ತಾ ಇದಕ್ಕೆ?”

“ಅಮ್ಮಾ, ಒಂದೇ ಒಂದ್ಸಲ—”

“ಮಾತು ಅಂದ್ರೆ ಮಾತು ಪುಟ್ಟಿ.”

ಪುಟ್ಟಿ ಅಳಲಿಲ್ಲ. ಮರಿಯ ಬಟ್ಟಲು ತಂದಳು. ಹಸಿರು ಚಾಪೆ ಸುತ್ತಿ ತಂದಳು. ಬಿಸ್ಕತ್ತಿನ ಪೊಟ್ಟಣ ತಂದಳು. ಒಂದೊಂದಾಗಿ ಚೀಲಕ್ಕೆ ಹಾಕಿದಳು. ತಾತ ಅದನ್ನೆಲ್ಲ ನೋಡುತ್ತ ನಿಂತರು.

“ಅಂಗಳದಲ್ಲಿ ಎಲ್ಲಿ ಬೇಕಾದ್ರೂ ಮಾಡ್ಕೊಳ್ಲಿ, ನಂಗೇನೂ ಬೇಜಾರಿಲ್ಲ,” ಎಂದಳು ಇಸ್ತ್ರಿ ಅಕ್ಕ, ಜೀರಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು. “ಆದ್ರೆ ಮೇಲೆ ಹತ್ತೋ ಅಭ್ಯಾಸ ಇದ್ರೆ ಕಷ್ಟ. ನಮ್ಮನೇಲಿ ಗಿರಾಕಿಗಳ ಬಟ್ಟೆ ಎಲ್ಲಾ ಮಂಚದ ಮೇಲೇ ಮಡಿಸಿಟ್ಟಿರ್ತೀನಿ. ಎಷ್ಟೆತ್ತರ ಹತ್ತುತ್ತೆ ಇದು? ನೋಡೇ ಬಿಡೋಣ.”

ಮರಿಯನ್ನು ನೆಲಕ್ಕೆ ಬಿಟ್ಟಳು. ಪೊಟ್ಟಣದಿಂದ ಒಂದು ಬಿಸ್ಕತ್ತು ತೆಗೆದು ಕುರ್ಚಿಯ ಒಣಗಿದ್ದ ಅಂಚಿನಲ್ಲಿ ಇಟ್ಟಳು.

ಜೀರಿಗೆ ನೆಗೆಯಿತು. ಕುರ್ಚಿಯ ಕಾಲಿನ ಅರ್ಧಕ್ಕೆ ಮೂತಿ ತಗುಲಿ ಅಂಗಾತ ಬಿತ್ತು. ಎದ್ದು ಹಿಂದಕ್ಕೆ ಹೋಗಿ, ಓಡಿಬಂದು ಮತ್ತೆ ನೆಗೆಯಿತು. ಮತ್ತೆ ಅಂಗಾತ.

“ಅದಕ್ಕೆಲ್ಲಿ ಆಗುತ್ತೆ ಆಂಟಿ,” ಎಂದಳು ಪುಟ್ಟಿ, ಚೀಲದ ದಾರ ಬಿಗಿಯುತ್ತ. “ಹೊಸ್ತಿಲು ದಾಟಕ್ಕೇ ಹೊಟ್ಟೆ ಉಜ್ಜುತ್ತೆ, ಇನ್ನು ಕುರ್ಚಿ—”

ಅಲ್ಲಿಗೇ ನಿಂತಳು. ದಾರ ಕೈಯಿಂದ ಜಾರಿತು.

ಜೀರಿಗೆ ಮೂರನೇ ಸಲ ನೆಗೆದು ಬಿತ್ತು. ತಾತ ಬೇರೆ ಒಂದು ನೆಪ ಹುಡುಕಬಹುದಿತ್ತು. ನೀರು ಚೆಲ್ಲಿತು, ಚಹಾ ಚೆಲ್ಲಿತು ಎನ್ನಬಹುದಿತ್ತು. ಕುರ್ಚಿಯ ಕಾಲಿಗೆ ಮುಂಗಾಲು ಊರಿ ನಿಂತ ಮರಿಯ ಕೆಂಪು ರಿಬ್ಬನ್ ನೋಡಿದರು.

“ಒದ್ದೆ ಕಂಡ ಕಡೆ ಸೋರಿಕೆ ಇರಲ್ಲ,” ಎಂದರು ಮೆಲ್ಲಗೆ. “ಮೇಲೆ ನೋಡ್ಬೇಕು.”

ಮಗ ತಲೆಯೆತ್ತಿ ಚಾವಣಿ ನೋಡಿದ. ಚಾವಣಿ ಒಣಗಿತ್ತು. ಸೊಸೆ ಚಾವಣಿ ನೋಡಲಿಲ್ಲ. ಕುರ್ಚಿ ನೋಡಿದಳು, ಕುರ್ಚಿಯ ಮೇಲೆ ಯಾವಾಗಲೂ ಕೂರುವವರನ್ನು ನೋಡಿದಳು, ಅವರು ಊಟಕ್ಕೆ ಕೂತಾಗ ತೊಟ್ಟಿರದಿದ್ದ ಪೈಜಾಮ ನೋಡಿದಳು.

“ಪ್ಯಾಸೇಜಿಂದೂ?” ಎಂದಳು.

“ಅದೂ.”

“ಎಲ್ಲಾನೂ?”

“ಮೊದಮೊದ್ಲು ಮೇಜಿನ ಕೆಳಗೆ, ಸೋಫಾ ಹಿಂದೆ, ಮಂಚದ ಹತ್ರ ಮಾಡಿದ್ದು ಮಾತ್ರ ಅದರದ್ದು.”

“ದಿನಾ ಬೈದೆ ತಾತ ನಾನು ಅದಕ್ಕೆ,” ಎಂದಳು ಪುಟ್ಟಿ. “ದಿನಾ ಬೈದೆ. ನೀನು ಪಕ್ಕದಲ್ಲೇ ನಿಂತಿದ್ದೆ.”

ಅದಕ್ಕೆ ತಾತನ ಚೀಲದಲ್ಲಿ ಯಾವ ವಾಷರೂ ಇರಲಿಲ್ಲ.

ಮಗ ಗಂಟಲು ಸರಿಮಾಡಿಕೊಂಡ. “ಪ್ರಯಾಣಿಕರ—”

“ರೀ, ಬಾಯಿ ಮುಚ್ಕೊಳ್ಳಿ.” ಸೊಸೆ ಬಗ್ಗಿ ದಿಂಬಿನ ಕವರು ಸರಕ್ಕನೆ ಕಳಚಿದಳು. ಅವಳ ಕೈ ಸಿಟ್ಟಿನಲ್ಲಿತ್ತು, ಮಾತು ಮಾತ್ರ ಅಂಗಡಿಯ ಮೇಜಿನ ಮಾತಿನ ಹಾಗೆ ಸಪಾಟಾಗಿ ಬಂತು. “ಹಸಿ ಇದ್ದಾಗ್ಲೇ ತಂದ್ರೆ ಯಾವ ಕಲೇನಾದ್ರೂ ತೆಗೀಬಹುದು ಮಾವ. ಜನ ಒಣಗಿಸಿ, ಮಡಿಸಿ, ಬಚ್ಚಿಟ್ಟು ಆಮೇಲೆ ತರ್ತಾರೆ ನೋಡಿ, ಆಗ್ಲೇ ನಮ್ಮ ಪ್ರಾಣ ಹೋಗೋದು. ನಾಳೆ ನಾನೇ ರಜ ಹಾಕಿ ಕರ್ಕೊಂಡು ಹೋಗ್ತೀನಿ. ಮನುಷ್ಯರ ಡಾಕ್ಟರ ಹತ್ರ.”

ಇಸ್ತ್ರಿ ಅಕ್ಕ ಒಬ್ಬೊಬ್ಬರ ಮುಖ ನೋಡಿದಳು. ಅವಳು ದೂರದಿಂದ ಎರಡು ಬಸ್ಸು ಬದಲಿಸಿ ಬಂದವಳು. ಮಾತು ಕೊಟ್ಟ ಮೇಲೆ ಬರಿಗೈಯಲ್ಲಿ ಹೋಗುವವಳಲ್ಲ.

“ಮನೆ ಒದ್ದೆ ಮಾಡೋರು ಯಾರೇ ಇದ್ರೂ ನನ್ನ ಜೊತೆ ಅಂದಿದ್ಯಲ್ಲೇ,” ಎಂದಳು. “ಹಾಗಾದ್ರೆ ಈಗ ನಾನು ಯಾರನ್ನ ಕರ್ಕೊಂಡು ಹೋಗ್ಲಿ?”

ಪುಟ್ಟಿ ತಾತನ ಕಡೆ ನೋಡದೆಯೇ ಚೀಲ ಬಿಚ್ಚಿ ಹಸಿರು ಚಾಪೆಯನ್ನು ಹೊರಗೆ ತೆಗೆದಳು. ಕವರು ಕಳಚಿದ ರಭಸಕ್ಕೆ ಬಿಸ್ಕತ್ತು ಅಂಚಿನಿಂದ ಹಿಂದಕ್ಕೆ ಸರಿದಿತ್ತು. ಜೀರಿಗೆ ಈಗಲೂ ಎರಡು ಕಾಲಿನ ಮೇಲೆ ನಿಂತು ಕತ್ತು ಚಾಚುತ್ತಿತ್ತು. ಎಲ್ಲ ಕಡೆಯಿಂದಲೂ ಭದ್ರವಾಗಿದ್ದ ತಾತನ ಮಹಾಯೋಜನೆಯಲ್ಲಿ, ಆ ಮರಿಯ ಮೂತಿಗೂ ಕುರ್ಚಿಯ ಅಂಚಿಗೂ ನಡುವೆ, ಸರಿಯಾಗಿ ಒಂದು ಗೇಣು ಕಡಿಮೆ ಬೀಳುತ್ತಿತ್ತು.